ತೂಬಿನಿಂದ ಕೋಡಿಗೆ

ನಮ್ಮೂರಿನಲ್ಲಿ ತಡವಾಗಿ ಬಂದವರನ್ನು ಯಾಕೆ ತಡವಾಯಿತು ಅಂತ ಯಾರೂ ಕೇಳುವುದಿಲ್ಲ. ಸ್ಕೂಲಿನಲ್ಲಿ ಮೇಷ್ಟ್ರು ಕೇಳುವುದಿಲ್ಲ, ಮದುವೆಮನೆಯಲ್ಲಿ ಬೀಗರು ಕೇಳುವುದಿಲ್ಲ, ಗಂಡ ಹೊತ್ತು ಮೀರಿ ಮನೆಗೆ ಬಂದರೆ ಹೆಂಡತಿ ತಟ್ಟೆ ಹಾಕುತ್ತಾಳೆ, ಅಷ್ಟೆ. ಒಳಗೆ ನಾಚಿಕೆ ಇಟ್ಟುಕೊಂಡವರಿಗೆ ನಮ್ಮೂರಿನ ದಾರಿ ಉದ್ದವಾಗುತ್ತದೆ. ಅದೇ ಮರ, ಅದೇ ಮೈಲಿಗಲ್ಲು, ಅದೇ ಸೊಸೈಟಿ ಅಂಗಡಿ, ಆದರೆ ಮರದಿಂದ ಅಂಗಡಿಗೆ ಹೋಗುವಷ್ಟರಲ್ಲಿ ಬೆಳಗು ಹೋಗಿ ಮಧ್ಯಾಹ್ನ ಬಂದಿರುತ್ತದೆ. ನೋಡುವವರಿಗೆ ಆ ಮನುಷ್ಯ ಕಾಲು ಹಾಕುವುದು ಕಾಣುತ್ತದೆ, ಹತ್ತಿರ ಬರುವುದು ಕಾಣುವುದಿಲ್ಲ. ಅಂಥ ಹೊತ್ತಿನಲ್ಲಿ ನಾವು ತಲೆ ಆ ಕಡೆ ತಿರುಗಿಸಿ ಕಾಗೆಯನ್ನೋ ಮೋಡವನ್ನೋ ನೋಡುತ್ತೇವೆ. ಅದು ಇಲ್ಲಿನ ಮರ್ಯಾದೆ. ಚಕ್ರಕ್ಕೆ ಈ ಬಾಧೆಯಿಲ್ಲ. ಅದಕ್ಕೇ ಇಷ್ಟು ಚಿಕ್ಕ ಊರಿನಲ್ಲಿ ಅಷ್ಟೊಂದು ಆಟೋಗಳಿವೆ.

ಕೈ ಕೈ ಹಿಡಿದು ನಡೆದರೆ ಇಬ್ಬರಿಗೂ ಉದ್ದದ ದಾರಿಯೇ. ಆದ್ದರಿಂದ ಇಲ್ಲಿ ಯಾರೂ ಸುಮ್ಮಸುಮ್ಮನೆ ಇನ್ನೊಬ್ಬರ ಕೈ ಹಿಡಿಯುವುದಿಲ್ಲ. ಧಾರೆಯಾದ ಮೇಲೆ ಗಂಡುಹೆಣ್ಣು ಛತ್ರದಿಂದ ಮನೆಗೆ ಕೈ ಹಿಡಿದು ನಡೆದು ಬರಬೇಕೆನ್ನುವುದು ಪದ್ಧತಿ. ನೆಂಟರು ಮುಂದಾಗಿ ಬಂದು ಆರತಿ ತಟ್ಟೆ ಹಿಡಿದು ಕಾಯುತ್ತಾರೆ. ನಾನು ನಮ್ಮ ಯಜಮಾನರ ಕೈ ಹಿಡಿದು ಬಂದ ದಿನ ಆರತಿಯ ಬತ್ತಿಯನ್ನು ಎಷ್ಟೋ ಸಲ ಬದಲಾಯಿಸಿದರಂತೆ. ಯಾರ ದೆಸೆಯಿಂದ ಹಾಗಾಯಿತು ಅಂತ ಇವತ್ತಿಗೂ ನಾವಿಬ್ಬರೂ ಕೇಳಿಕೊಂಡಿಲ್ಲ.

ಅದು ಬಿಡಿ. ನಾನು ಹೇಳಹೊರಟಿದ್ದು ನನ್ನ ತಮ್ಮ ಚಿದಾನಂದನ ವಿಷಯ. ನನ್ನ ಟೈಲರಿಂಗ್ ಅಂಗಡಿಯ ಪಕ್ಕದಲ್ಲೇ ಅವನ ಕನ್ನಡಕದ ಅಂಗಡಿ. ಅವನು ಆಮೇಲೆ ಹೇಳಿಕೊಂಡಿದ್ದು, ನಾನು ಕಣ್ಣಾರೆ ಕಂಡಿದ್ದು ಎರಡನ್ನೂ ಸೇರಿಸಿ ಹೇಳುತ್ತಿದ್ದೇನೆ. ದಿನವೆಲ್ಲ ಸ್ಟೂಲಿನ ಮೇಲೆ ಕೂತು ಕೂತು ಅವನಿಗೆ ಹೊಟ್ಟೆ ಬಂದಿತ್ತು. ಡಾಕ್ಟರು ರಕ್ತ ನೋಡಿ, ಸಕ್ಕರೆ ಬಂದು ಬಾಗಿಲಲ್ಲಿ ನಿಂತಿದೆ, ಒಳಗೆ ಬಿಟ್ಟುಕೊಳ್ಳಬೇಡಿ ಅಂದರು. ಅವತ್ತೇ ಸಂಜೆ ಪೋಸ್ಟ್‌ಮ್ಯಾನ್ ಫಾಲಾಕ್ಷ ಬಂದು, "ನಾಳೆ ಬೆಳಿಗ್ಗೆ ಕೆರೆ ಏರಿ ಹತ್ರ ಬಾ. ಬರದಿದ್ರೆ ಮನೆಗೇ ಬಂದು ಎಳ್ಕೊಂಡು ಹೋಗ್ತೀನಿ" ಅಂದ.

ಫಾಲಾಕ್ಷ ಇವನ ಬಾಲ್ಯದ ಗೆಳೆಯ. ನಮ್ಮೂರಿನಲ್ಲಿ ಪೋಸ್ಟ್‌ಮ್ಯಾನ್ ಆಗುವುದು ಎಲ್ಲರಿಂದಲೂ ಆಗುವ ಕೆಲಸವಲ್ಲ. ದಾರಿ ಚಿಕ್ಕದಾಗಿರುವವನೇ ಆಗಬೇಕು, ಇಲ್ಲದಿದ್ದರೆ ದೀಪಾವಳಿಯ ಶುಭಾಶಯ ಯುಗಾದಿಗೆ ತಲುಪುತ್ತದೆ. ಫಾಲಾಕ್ಷನಿಗೆ ಊರಿನ ಯಾವ ಮೂಲೆಯೂ ದೂರವಿರಲಿಲ್ಲ. ಬೆಳಗಿನ ಓಟದ ಬಳಗಕ್ಕೂ ಅವನೇ ಗುರು. ಏರಿಯ ಮೇಲೆ ಅರಳೀಕಟ್ಟೆಯಿಂದ ಹೊರಟು, ನಡುವೆ ಸಿಗುವ ತೂಬು ದಾಟಿ, ಆ ತುದಿಯ ಕೋಡಿ ಮುಟ್ಟಿ ವಾಪಸು ಬರುವುದು ಅವರ ಓಟ. ಮಾಘ ಮಾಸದಲ್ಲಿ ಒಂದು ಭಾನುವಾರ ಅದೇ ಏರಿಯ ಮೇಲೆ, ಅರಳೀಕಟ್ಟೆಯಿಂದ ಕೋಡಿಯವರೆಗೆ, ಊರ ಪಂದ್ಯ ನಡೆಯುತ್ತದೆ. ಗೆದ್ದವರಿಗೆ ತಾಮ್ರದ ಹಂಡೆ ಕೊಡುತ್ತಾರೆ.

ಆ ಹಂಡೆ ಪ್ರತಿ ವರ್ಷ ಕಾಂಟ್ರಾಕ್ಟರ್ ದೊರೆಸ್ವಾಮಿಯ ಮನೆಗೇ ಹೋಗುತ್ತಿತ್ತು. ಅವನಿಗೆ ಅರವತ್ತು ದಾಟಿದೆ, ಹೊಟ್ಟೆ ಚಿದಾನಂದನದಕ್ಕಿಂತ ದೊಡ್ಡದು, ಓಡುವುದು ಹವಾಯಿ ಚಪ್ಪಲಿಯಲ್ಲಿ. ಆದರೆ ಅವನು ಮೂರೂ ಬಿಟ್ಟವನು. ಅವನು ಕಟ್ಟಿದ ಸ್ಕೂಲಿನ ಗೋಡೆ ಬಿದ್ದು ಇಬ್ಬರು ಮಕ್ಕಳಿಗೆ ಏಟಾದ ವರ್ಷವೂ ಹಂಡೆ ಗೆದ್ದ. ಯಾವ ಎಳೆಯ ಹುಡುಗ ಎಷ್ಟು ಜೋರಾಗಿ ಓಡಿದರೂ ಒಳಗೆ ಒಂದಿಷ್ಟಾದರೂ ಏನೋ ಇರುತ್ತದೆ, ದಾರಿ ಒಂದು ಮಾರಾದರೂ ಹಿಗ್ಗುತ್ತದೆ. ದೊರೆಸ್ವಾಮಿಗೆ ಒಂದು ಗೇಣೂ ಹಿಗ್ಗುತ್ತಿರಲಿಲ್ಲ. ನಾವೆಲ್ಲ ಚಪ್ಪಾಳೆ ತಟ್ಟುತ್ತಿದ್ದೆವು. ತಟ್ಟದೆ ಏನು ಮಾಡುವುದು, ಗೆದ್ದವನು ಗೆದ್ದವನೇ.

ಮೊದಲ ವಾರ ಚಿದಾನಂದ ಹಳೇ ಕ್ಯಾನ್ವಾಸ್ ಶೂ ಹಾಕಿಕೊಂಡು ಹೋಗಿ ಕಾಲಿನ ಉಗುರು ಕಪ್ಪು ಮಾಡಿಕೊಂಡು ಬಂದ. ಫಾಲಾಕ್ಷ ಅವನನ್ನು ಸಮದ್ ಭಾಯಿಯ ಅಂಗಡಿಗೆ ಕರೆದುಕೊಂಡು ಹೋದ. "ಬಣ್ಣ ನೋಡಬೇಡ, ಕಾಲು ನೋಡ್ಕೊ" ಅಂದ. "ಸಂಜೆ ಹೊತ್ತೇ ತಗೋಬೇಕು, ದಿನವೆಲ್ಲ ನಿಂತು ಕಾಲು ಊದಿರುತ್ತೆ. ಎರಡೂ ಹಾಕ್ಕೊಂಡು ನಿಂತ್ಕೊ. ಹೆಬ್ಬೆರಳಿನ ಮುಂದೆ ಒಂದು ಬೆರಳಷ್ಟು ಜಾಗ ಇರಲಿ, ಹಿಮ್ಮಡಿ ಮಾತ್ರ ಅಲ್ಲಾಡಬಾರದು." ಸಮದ್ ಭಾಯಿಗೆ ಓಟ ಗೊತ್ತಿಲ್ಲ, ವ್ಯಾಪಾರ ಗೊತ್ತು. ಗಿರಾಕಿ ಶೂ ಹಾಕಿ ಅಂಗಡಿ ಮುಂದಿನ ಓಣಿಯಲ್ಲಿ ಓಡಿ ನೋಡುವಾಗ ಅವನು ಮರ್ಯಾದೆಗೆ ಬೆನ್ನು ಮಾಡಿ ಡಬ್ಬ ಜೋಡಿಸುತ್ತಾ ನಿಲ್ಲುತ್ತಾನೆ. ಚಿದಾನಂದ ಹೋದ ಬೆನ್ನಿಗೇ ವಾಪಸು ಬಂದ. ತೆಳು ಅಟ್ಟೆಯ ಒಂದು ಜೊತೆ ತೆಗೆದುಕೊಂಡ, ಕೆಳಗಿನ ಸಣ್ಣ ಕಲ್ಲೂ ಕಾಲಿಗೆ ತಿಳಿಯುವಂಥದ್ದು.

ಆಮೇಲೆ ಅವನ ಓಟ ಸುಧಾರಿಸಿತು. ಮಾತಾಡುತ್ತಾ ಓಡಲು ಆಗುವಷ್ಟೇ ಓಡು, ಉಸಿರು ಕಟ್ಟಿದರೆ ಅದು ಜಾಸ್ತಿ ಅಂತ ಲೆಕ್ಕ, ಅನ್ನುವುದು ಫಾಲಾಕ್ಷನ ಪಾಠ. ವಾರಕ್ಕೊಮ್ಮೆ ಮಾತ್ರ ಒಂದು ಲೈಟ್ ಕಂಬದಿಂದ ಮುಂದಿನ ಕಂಬದವರೆಗೆ ಜೋರು, ಅಲ್ಲಿಂದ ಇನ್ನೊಂದಕ್ಕೆ ನಿಧಾನ. ಹೊಟ್ಟೆ ಇಳಿಯಿತು. ಪ್ಯಾಂಟಿನ ಸೊಂಟ ಹಿಡಿದು ಕೊಡು ಅಂತ ಅವನು ನನ್ನ ಅಂಗಡಿಗೆ ಬಂದಾಗ ನಾನು ದುಡ್ಡು ತೆಗೆದುಕೊಳ್ಳಲಿಲ್ಲ. ಆದರೆ ಎಷ್ಟು ಓಡಿದರೂ ಫಾಲಾಕ್ಷನ ಬೆನ್ನೇ ಅವನಿಗೆ ಕಾಣುತ್ತಿದ್ದುದು. ಆ ಬೆನ್ನನ್ನು ಒಂದು ಸಲ ದಾಟಬೇಕೆನ್ನುವ ಆಸೆ ಒಳಗೊಳಗೇ ಬೆಳೆಯಿತು. ಅದರಲ್ಲಿ ತಪ್ಪೇನೂ ಇರಲಿಲ್ಲ.

ಶ್ರಾವಣದ ಒಂದು ಬೆಳಿಗ್ಗೆ ದಾಟಿದ. ಏರಿಯ ಮೇಲೆ ಅವರಿಬ್ಬರೇ ಇದ್ದರು. ನೆಲ ತೇವವಾಗಿತ್ತು, ಗಾಳಿ ಒಂದಿಷ್ಟೂ ಇರಲಿಲ್ಲ. ತೂಬಿನ ಹತ್ತಿರ ಫಾಲಾಕ್ಷ ಹಿಂದೆ ಉಳಿದ, ಚಿದಾನಂದ ಮುಂದಾದ. ಕಾಲು ತಾನೇ ತಾನಾಗಿ ಹೋಗುತ್ತಿತ್ತು. ಆಗ ಹಿಂದೆ ಏನೋ ಬಿದ್ದ ಸದ್ದಾಯಿತು, "ಚಿದಾ" ಅನ್ನುವ ಕೂಗು ಕೇಳಿತು. ಸ್ವಲ್ಪ ಹೊತ್ತಿಗೆ ಇನ್ನೊಂದು ಸಲ, "ಚಿದಾ".

ಎರಡೂ ಕೇಳಿಸಿದವು. ಕೋಡಿ ಕಣ್ಣೆದುರಿಗಿತ್ತು. ಮುಟ್ಟಿ ಬಂದುಬಿಡೋಣ, ಇನ್ನೇನು ಬಂತು, ಇಂಥ ಓಟ ಮತ್ತೆ ಸಿಗುತ್ತದೋ ಇಲ್ಲವೋ ಅಂದುಕೊಂಡ. ಓಡಿದ, ಮುಟ್ಟಿದ, ತಿರುಗಿದ. ಹೋಗುವಾಗ ಇದ್ದ ದಾರಿ ಬರುವಾಗ ಇರಲಿಲ್ಲ. ತೂಬು ಅಲ್ಲೇ ಕಾಣುತ್ತಿತ್ತು, ಹತ್ತಿರ ಬರಲಿಲ್ಲ. ಓಡಿ ಓಡಿ ಉಸಿರು ಬಾಯಿಗೆ ಬಂದು ಅಲ್ಲಿಗೆ ತಲುಪುವಷ್ಟರಲ್ಲಿ ಹುಲ್ಲು ಕೊಯ್ಯಲು ಬಂದ ಹೆಂಗಸರು ಫಾಲಾಕ್ಷನನ್ನು ಎತ್ತಿ ಆಟೋದಲ್ಲಿ ಕೂರಿಸಿಯಾಗಿತ್ತು. ಅವನು ನೋವಿನಲ್ಲೂ ನಕ್ಕು, "ಕರೆದೆ ಕಣೋ" ಅಂದ. "ಕೇಳಿಸಲೇ ಇಲ್ಲ. ಗಾಳಿ" ಅಂದ ಚಿದಾನಂದ. "ಅದೇ ಅಂದ್ಕೊಂಡೆ" ಅಂದ ಫಾಲಾಕ್ಷ.

ಬಿದ್ದ ಜಾಗದಲ್ಲೇ ಇದ್ದಿದ್ದರೆ ಮುರಿದ ಕಾಲಿನ ಮೂಳೆ ನೆಟ್ಟಗೆ ಕೂಡುತ್ತಿತ್ತಂತೆ. ಯಾರೂ ಬರಲಿಲ್ಲ ಅಂತ ತಾನೇ ಎದ್ದು ನಿಂತು ನಾಲ್ಕು ಹೆಜ್ಜೆ ಹಾಕಿದ್ದಕ್ಕೆ ಅದು ಜರುಗಿಹೋಯಿತು. ಪಟ್ಟಿ ಬಿಚ್ಚಿದ ಮೇಲೂ ಕಾಲು ಸೊಟ್ಟಗಾಗಿಯೇ ಉಳಿಯಿತು, ಕೈಗೆ ಕೋಲು ಬಂತು. ಊರಿನ ಯಾವ ಮೂಲೆಯೂ ದೂರವಿಲ್ಲದವನನ್ನು ಪೋಸ್ಟಾಫೀಸಿನವರು ಕೌಂಟರಿನ ಹಿಂದೆ ಸೀಲು ಒತ್ತಲು ಕೂರಿಸಿದರು. ಅವನು ಗೊಣಗಲಿಲ್ಲ. ಆದರೆ ಹೊಸ ಪೋಸ್ಟ್‌ಮ್ಯಾನ್ ಚೀಲ ಹೆಗಲಿಗೆ ಹಾಕಿ ಹೊರಡುವಾಗ ಫಾಲಾಕ್ಷ ತಲೆಯೆತ್ತಿ ಬಾಗಿಲನ್ನೇ ನೋಡುತ್ತಿದ್ದುದನ್ನು ನಾನು ನೋಡಿದ್ದೇನೆ.

ಚಿದಾನಂದನಿಗೆ ಮನೆಯಿಂದ ಅಂಗಡಿ ದೂರವಾಯಿತು. ನಾಲ್ಕು ಮನೆ ದಾಟಿದರೆ ಸಿಗುವ ಅಂಗಡಿ. ನಾನು ಬಾಗಿಲು ತೆಗೆದು, ನೀರು ಚಿಮುಕಿಸಿ, ಮೂರು ರವಿಕೆಗೆ ಗುಂಡಿ ಹಾಕಿ ಮುಗಿಸಿದರೂ ಅವನು ಬೀದಿಯಲ್ಲಿ ಕಾಲು ಹಾಕುತ್ತಲೇ ಇರುತ್ತಿದ್ದ. ಏನೋ ಮಾಡಿಕೊಂಡಿದ್ದಾನೆ ಅಂತ ತಿಳಿಯಿತು. ಕೇಳಲಿಲ್ಲ, ಕಾಗೆ ನೋಡಿದೆ. ಏರಿಯ ಮೇಲಂತೂ ಬಳಗದವರೆಲ್ಲ ಓಡಿ, ಬೆವರು ಆರಿಸಿ, ಕಾಫಿ ಕುಡಿದು ಮನೆಗೆ ಹೋದರೂ ಇವನು ತೂಬು ಮುಟ್ಟಿರುತ್ತಿರಲಿಲ್ಲ. ನಾಚಿಕೆ ಅನ್ನುವುದು ಅವನ ಮೈಯಲ್ಲಿ ಕೂತಿತ್ತು. ಊಟ ಸೇರುತ್ತಿರಲಿಲ್ಲ, ಕನ್ನಡಕ ಕೊಡುವಾಗ ಗಿರಾಕಿಯ ಕಣ್ಣು ನೋಡುತ್ತಿರಲಿಲ್ಲ, ಯಾರಾದರೂ ಚಿದಾ ಅಂತ ಕರೆದರೆ ಕತ್ತು ಒಳಗೆ ಎಳೆದುಕೊಳ್ಳುತ್ತಿದ್ದ. ಹೇಳಿಬಿಡಬೇಕು ಅಂತ ದಿನಾ ಸಂಜೆ ಫಾಲಾಕ್ಷನ ಮನೆಗೆ ಹೋಗುತ್ತಿದ್ದ. ತಲುಪುವಷ್ಟರಲ್ಲಿ ರಾತ್ರಿಯಾಗಿರುತ್ತಿತ್ತು. ಫಾಲಾಕ್ಷನ ಹೆಂಡತಿ ಗಂಗಾಂಬಿಕೆ, "ಪಾಪ ಚಿದಣ್ಣ, ಅಷ್ಟು ದೂರದಿಂದ ನಡ್ಕೊಂಡ್ ಬರ್ತೀರಿ" ಅಂತ ಕಾಫಿ ಕೊಡುತ್ತಿದ್ದಳು. ಆ ಕಾಫಿಯ ಮುಂದೆ ನಾಲಿಗೆ ಏಳುತ್ತಿರಲಿಲ್ಲ.

ಓಟ ಕೆಟ್ಟಿದ್ದಕ್ಕೆ ಅವನು ಶೂ ಮೇಲೆ ತಪ್ಪು ಹೊರಿಸಿದ. ಸಮದ್ ಭಾಯಿಯ ಅಂಗಡಿಗೆ ಹೋಗಿ ಹಗುರದ್ದು ಕೇಳಿದ. ಓಣಿಯಲ್ಲಿ ಓಡಿ ನೋಡಲು ಹೋದವನು ವಾಪಸು ಬರುವಷ್ಟರಲ್ಲಿ ಸಮದ್ ಭಾಯಿ ಎಲ್ಲ ಡಬ್ಬ ಜೋಡಿಸಿ, ಕೆಳಗಿಳಿಸಿ, ಮತ್ತೆ ಜೋಡಿಸಿದ್ದ. "ಶೂನಲ್ಲಿ ಏನೂ ಇಲ್ಲ ಚಿದಣ್ಣ" ಅಂದ, ಗೋಡೆ ನೋಡುತ್ತಾ. "ಇನ್ನೂ ದಪ್ಪ ಅಟ್ಟೆದು ಬರುತ್ತೆ, ಮೆತ್ತಗೆ ಹಾಸಿಗೆ ಇದ್ದಂಗೆ. ದಾರಿ ಎಷ್ಟಿದ್ರೂ ಕಾಲಿಗೆ ಗೊತ್ತಾಗಲ್ಲ. ಆದ್ರೆ ನನ್ನ ಹತ್ರ ಇದ್ದಿದ್ದು ಒಂದೇ ಜೊತೆ. ಅದನ್ನ ಫಾಲಾಕ್ಷಣ್ಣ ಬೀಳೋಕೆ ಮುಂಚೆನೇ ತಗೊಂಡ್ ಹೋದ್ರು, ಪಂದ್ಯಕ್ಕೆ ಅಂತ."

ಆ ಜೊತೆ ಇವನ ಕೈಗೇ ಬಂತು. ಫಾಲಾಕ್ಷ ಮಂಚದ ಕೆಳಗಿನಿಂದ ಡಬ್ಬ ಎಳೆಸಿ, "ಹಾಕೇ ಇಲ್ಲ ಕಣೋ. ನಿನ್ನ ಅಳತೆನೇ. ನನ್ನ ಬದಲು ನೀನು ಓಡು" ಅಂದ. ಬೇಡ ಅಂದರೆ ಯಾಕೆ ಅಂತ ಹೇಳಬೇಕಾಗುತ್ತಿತ್ತು. ತೆಗೆದುಕೊಂಡ. ಮಾರನೇ ಬೆಳಿಗ್ಗೆ ಅವನ್ನು ಹಾಕಿಕೊಂಡು ಹೊರಟವನಿಗೆ ಮನೆಯ ಗೇಟಿನಿಂದ ಬೀದಿ ನಲ್ಲಿ ತಲುಪುವಷ್ಟರಲ್ಲಿ ಹೊತ್ತು ನೆತ್ತಿಗೆ ಬಂತು. ನಲ್ಲಿ ಕಟ್ಟೆಯ ಮೇಲೆ ಕೂತು ಮುಖ ಮುಚ್ಚಿಕೊಂಡ. ನೀರು ಹಿಡಿಯಲು ಬಂದವರೆಲ್ಲ ಮೋಡ ನೋಡಿದರು.

ಆದರೂ ಹಾಕಿಕೊಳ್ಳುವುದನ್ನು ಬಿಡಲಿಲ್ಲ. ದಿನಾ ಹಾಕಿದ, ದಿನಾ ಓಡಿದ. ದಿನಾ ಫಾಲಾಕ್ಷನ ಮನೆಗೂ ಹೋದ. ಗಾಳಿ ಇತ್ತು ಅಂತ ಹಬ್ಬಕ್ಕೆ ಬಂದ ನೆಂಟರಿಗೆ ಹೇಳಿದ, ಪೋಸ್ಟ್ ಮಾಸ್ಟರಿಗೆ ಹೇಳಿದ, ಬಳಗದವರಿಗೆ ಹೇಳಿದ. ಹೇಳಿ ಹೇಳಿ ಗಾಳಿ ನಿಜವಾಗಿಯೂ ಬೀಸಿತ್ತು ಅನ್ನಿಸತೊಡಗಿತು. ಎಳ್ಳುಬೆಲ್ಲ ಹಂಚುವ ಹೊತ್ತಿಗೆ ಅವನು ಅಂಗಡಿಗೆ ನನಗಿಂತ ಮುಂಚೆ ಬರುತ್ತಿದ್ದ. ತೂಬು ಹತ್ತಿರವಾಯಿತು, ಕೋಡಿ ಹತ್ತಿರವಾಯಿತು. ಕಂಬದಿಂದ ಕಂಬಕ್ಕೆ ಓಡುವಾಗ ಬಳಗದ ಎಳೆಯರೂ ಹಿಂದೆ ಬೀಳತೊಡಗಿದರು. "ಈ ಶೂನಲ್ಲಿ ಏನೂ ಗೊತ್ತಾಗಲ್ಲ ಅಕ್ಕ" ಅಂದ ನನ್ನ ಹತ್ತಿರ. ನಾನೂ ದಡ್ಡಿ. ಏನೋ ಇತ್ತು, ಎಲ್ಲೋ ಹೇಳಿಕೊಂಡು ಬಗೆಹರಿಸಿಕೊಂಡಿದ್ದಾನೆ ಅಂದುಕೊಂಡು ಸಂತೋಷಪಟ್ಟೆ. ಫಾಲಾಕ್ಷನೂ ಹಾಗೇ ಅಂದುಕೊಂಡ. "ಇವನ ಮನಸ್ಸಲ್ಲಿ ಏನೂ ಇಲ್ಲ ಅಂತ ಏರಿನೇ ಹೇಳ್ತಿದೆ" ಅಂತ ಪೋಸ್ಟಾಫೀಸಿಗೆ ಬಂದವರಿಗೆಲ್ಲ ಹೇಳಿದ.

ಪಂದ್ಯದ ದಿನ ಫಾಲಾಕ್ಷನಿಗೆ ತೂಬಿನ ಪಕ್ಕ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ತಾನು ಬಿದ್ದ ಜಾಗದಲ್ಲೇ ಕೂತು ಗೆಳೆಯ ಗೆದ್ದು ಹೋಗುವುದನ್ನು ನೋಡಬೇಕೆನ್ನುವುದು ಅವನ ಆಸೆ. ನಾನು ಕೋಡಿಯ ಹತ್ತಿರ ಪಾನಕದ ಕೊಳಗದ ಮುಂದೆ ನಿಂತಿದ್ದೆ. ಏರಿ ನೆಟ್ಟಗಿದೆ, ಅಲ್ಲಿಂದ ಎಲ್ಲ ಕಾಣುತ್ತದೆ. ಅರಳೀಕಟ್ಟೆಯಲ್ಲಿ ತಮಟೆ ಬಾರಿಸಿದರು, ಎಲ್ಲರೂ ಹೊರಟರು. ಸ್ವಲ್ಪ ಹೊತ್ತಿನಲ್ಲೇ ಗುಂಪು ಹಿಂದೆ ಉಳಿದು ಇಬ್ಬರು ಮುಂದಾದರು. ಒಬ್ಬ ದೊರೆಸ್ವಾಮಿ, ಇನ್ನೊಬ್ಬ ನನ್ನ ತಮ್ಮ.

ದೊರೆಸ್ವಾಮಿ ಚಪ್ಪಲಿ ಪಟಪಟ ಅನ್ನಿಸುತ್ತಾ, ಹರಟೆಗೆ ಕೂತವನ ಹಾಗೆ ಮಾತಾಡುತ್ತಾ ಓಡುತ್ತಿದ್ದನಂತೆ. "ಒಳ್ಳೇದಾಯ್ತು ಚಿದಾನಂದ್, ನೀವು ಬಂದ್ರಿ. ಎಷ್ಟು ವರ್ಷದಿಂದ ಒಬ್ಬನೇ ಓಡಿ ಓಡಿ ಬೇಜಾರಾಗಿತ್ತು. ಶೂ ಚೆನ್ನಾಗಿದೆಯಲ್ಲ, ಎಲ್ಲಿ ತಗೊಂಡ್ರಿ?"

"ಫಾಲಾಕ್ಷ ಕೊಟ್ಟಿದ್ದು" ಅಂದ ಚಿದಾನಂದ.

"ಮಳೆಗಾಲದಲ್ಲಿ ನಿಮ್ಮನ್ನ ಇಲ್ಲಿ ನೋಡಿ ಅಯ್ಯೋ ಅನ್ನಿಸ್ತಿತ್ತು. ಮೊದಮೊದಲು ಹಂಗೇ. ಆ ಸ್ಕೂಲ್ ಗೋಡೆ ಬಿತ್ತಲ್ಲ, ಆಗ ನನಗೂ ನಮ್ಮನೆ ಗೇಟೇ ದೂರ ಆಗಿತ್ತು. ಆಮೇಲೆ ಅಭ್ಯಾಸ ಆಗುತ್ತೆ."

ಅಭ್ಯಾಸ ಅನ್ನುವ ಮಾತು ಕಿವಿಗೆ ಬಿದ್ದಾಗ ಚಿದಾನಂದನಿಗೆ ತಾನು ಈಗ ತಾನೇ ಹೇಳಿದ ಮಾತು ನೆನಪಾಯಿತು. ಫಾಲಾಕ್ಷ ಕೊಟ್ಟಿದ್ದು. ಅದನ್ನು ಎಷ್ಟು ಸಲೀಸಾಗಿ ಹೇಳಿದೆ ಅಂತ ಅನ್ನಿಸಿತು. ದಾರಿ ಒಂದು ಗೇಣೂ ಹಿಗ್ಗಲಿಲ್ಲ. ಯಾರ ಕಾಲು ಮುರಿಯಿತೋ ಅವನ ಶೂ ಹಾಕಿಕೊಂಡು, ದೊರೆಸ್ವಾಮಿಯ ಹೆಗಲಿಗೆ ಹೆಗಲು ಕೊಟ್ಟು ಓಡುತ್ತಿದ್ದಾನೆ, ಒಳಗೆ ಹುಡುಕಿದರೂ ಏನೂ ಸಿಗುತ್ತಿಲ್ಲ. ಅವನಿಗೆ ಜೀವವೇ ಹೋದಂತಾಯಿತು. ನಾಚಿಕೆ ಇಲ್ಲದಿದ್ದುದಕ್ಕೆ ಆದ ನಾಚಿಕೆ ಮುಖಕ್ಕೆ ರಪ್ಪನೆ ಹೊಡೆಯಿತು. ಅಷ್ಟರಲ್ಲಿ ತೂಬು ಬಂತು. ಕುರ್ಚಿಯ ಮೇಲೆ ಕೂತ ಫಾಲಾಕ್ಷ ಕೋಲು ಮೇಲೆತ್ತಿ, ಬಾಯ್ತುಂಬ ನಗುತ್ತಾ ಕರೆದ, "ಚಿದಾ."

ಚಿದಾನಂದ ನಿಂತ. ದೊರೆಸ್ವಾಮಿ ಮುಂದೆ ಹೋದ.

"ಯಾಕೋ ನಿಂತೆ? ಓಡು, ಇನ್ನೇನು ಬಂತು" ಅಂದ ಫಾಲಾಕ್ಷ.

"ಅವತ್ತೂ ಕೇಳಿಸಿತ್ತು ಕಣೋ" ಅಂದ ಚಿದಾನಂದ. "ಎರಡು ಸಲ ಕರೆದೆ. ಎರಡೂ ಕೇಳಿಸಿತ್ತು."

ಫಾಲಾಕ್ಷನ ಕೋಲು ನಿಧಾನವಾಗಿ ಕೆಳಗಿಳಿಯಿತು. "ಗಾಳಿ ಅಂದೆ."

"ಗಾಳಿ ಇರಲಿಲ್ಲ. ಕೋಡಿ ಮುಟ್ಟಿ ಬರೋಣ ಅಂದ್ಕೊಂಡೆ."

ಹಿಂದೆ ಬರುತ್ತಿದ್ದವರೆಲ್ಲ ಇವರಿಬ್ಬರನ್ನು ದಾಟಿ, ಆಕಾಶ ನೋಡುತ್ತಾ ಓಡಿಹೋದರು. ಫಾಲಾಕ್ಷ ತನ್ನ ಕಾಲನ್ನು ನೋಡಿಕೊಂಡ, ಆಮೇಲೆ ಇವನ ಕಾಲಿನಲ್ಲಿದ್ದ ಶೂ ನೋಡಿದ. "ಇಷ್ಟು ದಿನ ನಮ್ಮನೇಲಿ ಕಾಫಿ ಕುಡಿದೆ" ಅಂದ. ಚಿದಾನಂದ ಹೂಂ ಅಂದ. "ಹೋಗು. ನನ್ನ ಕಣ್ಣೆದುರಿಗೆ ನಿಲ್ಲಬೇಡ."

ಚಿದಾನಂದ ಶೂ ಬಿಚ್ಚಿ ಕುರ್ಚಿಯ ಪಕ್ಕ ಇಟ್ಟು ಬರಿಗಾಲಿನಲ್ಲಿ ಕೋಡಿಯ ಕಡೆ ಹೊರಟ. ಹೋಗು ಅಂದವನ ಎದುರಿನಿಂದ ಹೋಗಲು ಕಾಲು ಹಾಕಿದ, ಮತ್ತೆ ಹಾಕಿದ. ಹೋಗುವುದಕ್ಕೇ ಆಗಲಿಲ್ಲ. ದಾರಿ ಅಷ್ಟು ಉದ್ದವಾಗಿತ್ತು. ಆ ಕಡೆ ಕೋಡಿಯಲ್ಲಿ ದೊರೆಸ್ವಾಮಿಗೆ ಹಂಡೆ ಕೊಟ್ಟರು, ಭಾಷಣವಾಯಿತು, ನಾವು ಚಪ್ಪಾಳೆ ತಟ್ಟಿದೆವು, ಜನ ಕರಗತೊಡಗಿದರು. ನನ್ನ ತಮ್ಮ ಇನ್ನೂ ಆ ಕುರ್ಚಿಯಿಂದ ಎರಡು ಮಾರು ಆಚೆಗೆ ಹೋಗಿರಲಿಲ್ಲ. ಬಿಸಿಲಿನಲ್ಲಿ ಬೆವರು ಸುರಿಸುತ್ತಾ, ಅಳುತ್ತಾ ಕಾಲು ಹಾಕುತ್ತಿದ್ದ. ಕಣ್ಣೆದುರಿಗೆ ನಿಲ್ಲಬೇಡ ಅಂದವನಿಗೂ ಬೇರೆ ಕಡೆ ನೋಡಲು ಏನೂ ಇರಲಿಲ್ಲ.

ಬಹಳ ಹೊತ್ತಾದ ಮೇಲೆ ಫಾಲಾಕ್ಷ ಕೋಲು ಊರಿ ಎದ್ದ. ಸೊಟ್ಟ ಕಾಲಿನವನಾದರೂ ಅವನ ದಾರಿ ಚಿಕ್ಕದೇ ಅಲ್ಲವೇ, ಕುಂಟುತ್ತಾ ಎರಡೇ ಹೆಜ್ಜೆಯಲ್ಲಿ ಇವನ ಪಕ್ಕಕ್ಕೆ ಬಂದ. ಮುಖದಲ್ಲಿ ಸಿಟ್ಟು ಹಾಗೇ ಇತ್ತು. ಕೈ ಮುಂದೆ ಚಾಚಿದ.

"ಬೇಡ ಕಣೋ. ನಿನ್ನ ಕಾಲು..." ಅಂದ ಚಿದಾನಂದ.

"ಕೊಡು ಕೈ."

"ಸಂಜೆವರೆಗೂ ಇದು ಮುಗಿಯಲ್ಲ."

"ಎಷ್ಟು ಉದ್ದ ಇದೆ ಅಂತ ನಾನೂ ನೋಡಬೇಕು" ಅಂದ ಫಾಲಾಕ್ಷ, ಅವನ ಕೈಯನ್ನು ತಾನೇ ಹಿಡಿದುಕೊಂಡ.

ಇಬ್ಬರೂ ಕಾಲು ಹಾಕತೊಡಗಿದರು. ಕೋಡಿಯಲ್ಲಿ ಉಳಿದಿದ್ದ ನಾಲ್ಕು ಜನ ಮರ್ಯಾದೆಗೆ ತಲೆ ತಿರುಗಿಸಿ ಕಾಗೆ ನೋಡಿದರು. ಅವತ್ತು ನಾನು ಮಾತ್ರ ತಿರುಗಿಸಲಿಲ್ಲ. ಎರಡು ಲೋಟ ಪಾನಕ ಎತ್ತಿಟ್ಟು, ಮೇಲೆ ಸೆರಗಿನ ಚುಂಗು ಮುಚ್ಚಿ, ಅವರು ಬರುವ ದಾರಿಯನ್ನೇ ನೋಡುತ್ತಾ ಕೂತೆ.